ಬೆಳಿಗ್ಗೆ ಎದ್ದ ಕೂಡಲೇ ಸೀನುವ ಮಗು: ಮನೆಯೊಳಗಿನ ಅಲರ್ಜಿಯ ಮೂಲ ಹುಡುಕುವ ಕೈಪಿಡಿ

ಮಗುವಿಗೆ ಅಲರ್ಜಿ ಎಂದು ಗೊತ್ತಾದ ದಿನದಿಂದ ಸಲಹೆಗಳ ಸುರಿಮಳೆ ಶುರುವಾಗುತ್ತದೆ. ಪರದೆ ತೆಗೆದುಹಾಕಿ, ಗೊಂಬೆಗಳನ್ನು ಕಟ್ಟಿಡಿ, ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡಿ, ಗಾಳಿ ಶುದ್ಧ ಮಾಡುವ ಯಂತ್ರ ತನ್ನಿ. ಹೇಳಿದ್ದನ್ನೆಲ್ಲ ಒಂದೇ ವಾರದಲ್ಲಿ ಮಾಡಿದ ಮನೆಯವರು ಮೂರನೇ ವಾರಕ್ಕೆ ಸೋತು ಕೈಬಿಡುತ್ತಾರೆ. ಮಗು ಮಾತ್ರ ಸೀನುತ್ತಲೇ ಇರುತ್ತದೆ. ನಾನೂ ಹಾಗೆ ಒಂದಿಡೀ ತಿಂಗಳು ಮನೆಯ ಮೂಲೆ ಮೂಲೆ ತಿಕ್ಕಿದವನೇ. ಮಗುವಿನ ದಿಂಬನ್ನು ಮಾತ್ರ ಮುಟ್ಟಿರಲಿಲ್ಲ!

ಆದ್ದರಿಂದ ಪೊರಕೆ ಹಿಡಿಯುವ ಮೊದಲು ಒಂದು ನೋಟ್‌ಬುಕ್ ಹಿಡಿಯಿರಿ. ಎರಡು ವಾರ, ಪ್ರತಿ ಸಲ ಸೀನು, ಕೆಮ್ಮು, ತುರಿಕೆ ಬಂದಾಗ ಮೂರು ವಿಷಯ ಬರೆದಿಡಿ: ಎಷ್ಟು ಹೊತ್ತಿಗೆ, ಯಾವ ಕೋಣೆಯಲ್ಲಿ, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು. ಕೆಲವು ಅಲರ್ಜಿ ಲಕ್ಷಣಗಳು ತಕ್ಷಣ ಬಂದರೆ, ಇನ್ನು ಕೆಲವು ನಾಲ್ಕರಿಂದ ಎಂಟು ಗಂಟೆ ತಡವಾಗಿ ಮರಳಿ ಕಾಣಿಸಿಕೊಳ್ಳುತ್ತವೆ. ಹಾಗಾಗಿ ರಾತ್ರಿ ಕೆಮ್ಮಿದ ಮಗು ಆ ಮಧ್ಯಾಹ್ನ ಎಲ್ಲಿತ್ತು ಎಂಬುದನ್ನೂ ಸೇರಿಸಿ. ಕಾಸು ಖರ್ಚಿಲ್ಲದ ಈ ಪರೀಕ್ಷೆಯೇ ಮುಂದಿನದ್ದಕ್ಕೆಲ್ಲ ದಾರಿ ತೋರಿಸುತ್ತದೆ.

## ಈ ಲಕ್ಷಣಗಳಿದ್ದರೆ ಮುಂದೆ ಓದಬೇಡಿ

ಉಸಿರೆಳೆಯುವಾಗ ಪಕ್ಕೆಲುಬುಗಳ ನಡುವೆ ಅಥವಾ ಗಂಟಲ ಕೆಳಗೆ ಚರ್ಮ ಒಳಗೆ ಸೆಳೆದುಕೊಳ್ಳುತ್ತಿದ್ದರೆ, ಉಸಿರು ಸಾಲದೆ ಮಗುವಿಗೆ ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಗಟ್ಟುತ್ತಿದ್ದರೆ, ಉಬ್ಬಸ ಬಂದಾಗ ತಕ್ಷಣ ಸೇದುವ ಉಪಶಮನದ ಇನ್‌ಹೇಲರ್ ಕೊಟ್ಟರೂ ಉಬ್ಬಸ ಇಳಿಯದಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಮೈಮೇಲೆ ದದ್ದುಗಳೆದ್ದು ಜೊತೆಗೆ ನಾಲಿಗೆ, ಗಂಟಲು ಊದಿದರೆ, ಧ್ವನಿ ಒಡೆದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಗು ಸೊರಗಿ ಕುಸಿದರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಇಡೀ ಮೈಯನ್ನು ಹಿಡಿದು ಜೀವಕ್ಕೇ ಅಪಾಯ ತರುವ ಅಲರ್ಜಿ. ವೈದ್ಯರು ಅಡ್ರಿನಲಿನ್ ಪೆನ್ (ಪೆನ್ನಿನಂಥ ಚುಚ್ಚುಮದ್ದು) ಕೊಟ್ಟಿದ್ದರೆ ತೊಡೆಯ ಹೊರಭಾಗಕ್ಕೆ ಕೂಡಲೇ ಚುಚ್ಚಿ, ಆಮೇಲೆ ಕರೆ ಮಾಡಿ. ಮಗುವನ್ನು ಮಲಗಿಸಿಡಿ. ಉಸಿರಾಟ ಕಷ್ಟವಾದರೆ ಕೂರಿಸಬಹುದು, ಆದರೆ ಎಬ್ಬಿಸಿ ನಡೆಸಬೇಡಿ. ಅಲರ್ಜಿಯ ಮಾತ್ರೆ ಅಥವಾ ಸಿರಪ್ ಈ ಹೊತ್ತಿನಲ್ಲಿ ಅಡ್ರಿನಲಿನ್‌ಗೆ ಬದಲಿಯಾಗುವುದಿಲ್ಲ.

## ಮೂಗು ಸೋರುತ್ತಲೇ ಇದೆ: ಅಲರ್ಜಿಯೋ ನೆಗಡಿಯೋ?

ನೆಗಡಿ ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನದೊಳಗೆ ಇಳಿಯುತ್ತದೆ. ಶುರುವಿಗೆ ಸಣ್ಣ ಜ್ವರ, ಮೈಕೈ ನೋವು ಇರಬಹುದು. ಸಿಂಬಳ ಗಟ್ಟಿಯಾಗಿ ಬಣ್ಣ ಬದಲಿಸುತ್ತದೆ. ಅಲರ್ಜಿಯಲ್ಲಿ ಜ್ವರ ಬರುವುದಿಲ್ಲ, ಸಿಂಬಳ ನೀರಿನಂತೆ ತೆಳ್ಳಗಿರುತ್ತದೆ, ಮತ್ತು ಮುಖ್ಯವಾಗಿ ತುರಿಕೆ ಇರುತ್ತದೆ: ಮೂಗು, ಕಣ್ಣು, ಅಂಗುಳ, ಕಿವಿಯ ಒಳಗು. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜುವ ಅಭ್ಯಾಸ ಬೆಳೆದಿದ್ದರೆ ಗಮನಿಸಿ. ತಿಂಗಳುಗಟ್ಟಲೆ ಹಾಗೆ ಉಜ್ಜಿದ ಮಕ್ಕಳ ಮೂಗಿನ ಮೇಲೆ ಅಡ್ಡಲಾಗಿ ಒಂದು ಗೆರೆಯೇ ಬಿದ್ದಿರುತ್ತದೆ. ಕಣ್ಣಿನ ಕೆಳಗಿನ ಕಪ್ಪು ಛಾಯೆಯೂ ನಿದ್ದೆಗೆಟ್ಟದ್ದರಿಂದಲೇ ಬರಬೇಕೆಂದಿಲ್ಲ, ಮೂಗು ಸದಾ ಕಟ್ಟಿಕೊಂಡಿರುವುದರಿಂದಲೂ ಬರುತ್ತದೆ.

ಒಂದೇ ಹೊಳ್ಳೆಯಿಂದ ಸೋರುತ್ತಿದ್ದು ಕೆಟ್ಟ ವಾಸನೆ ಬರುತ್ತಿದ್ದರೆ ಅಲರ್ಜಿಯ ಯೋಚನೆ ಬಿಡಿ. ಪುಟ್ಟ ಮಕ್ಕಳಲ್ಲಿ ಅದರರ್ಥ ಹೆಚ್ಚಾಗಿ ಮೂಗಿನೊಳಗೆ ಮಣಿಯೋ ಕಾಳೋ ಸ್ಪಂಜಿನ ಚೂರೋ ಸಿಕ್ಕಿಕೊಂಡಿದೆ ಎಂದು. ಮನೆಯಲ್ಲಿ ಚಿಮಟ ಹಾಕಿ ಕೀಳಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ಅದು ಗುಂಡಿ ಬ್ಯಾಟರಿ ಇರಬಹುದೆಂಬ ಅನುಮಾನವಿದ್ದರೆ ಗಂಟೆಗಳ ಲೆಕ್ಕದಲ್ಲಿ ಒಳಚರ್ಮ ಸುಡುತ್ತದೆ. ಆಗ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಿ.

## ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ರಾತ್ರಿ ಮೂಗು ಕಟ್ಟುತ್ತದೆ

ವರ್ಷವಿಡೀ ಹೀಗಿದ್ದು, ಮನೆಯಿಂದ ಹೊರಗೆ ಹೋದ ಒಂದೆರಡು ಗಂಟೆಯಲ್ಲಿ ಮಗು ಹಗುರಾಗುತ್ತದೆ ಎಂದಾದರೆ ಮೊದಲ ಅನುಮಾನ ಧೂಳಿನ ನುಸಿಯ ಮೇಲೆ. ಮನೆಯ ಧೂಳು ಕಾಡುತ್ತದೆ ಎಂಬುದು ಹಿಂದಿನಿಂದಲೂ ಗೊತ್ತಿತ್ತು. ಧೂಳಿನಲ್ಲಿ ನಿಜವಾಗಿ ಕಾಡುವುದು ಈ ನುಸಿ ಎಂದು 1960ರ ದಶಕದಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ವೂರ್‌ಹೋರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಜೊತೆಗಾರರು ತೋರಿಸಿಕೊಟ್ಟರು. ಎಂಟು ಕಾಲಿನ, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುವ ಇದು ಬರಿಗಣ್ಣಿಗೆ ಕಾಣದು. ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ನಮ್ಮ ಮೈಯಿಂದ ಉದುರುವ ಸತ್ತ ಚರ್ಮದ ಹೊಟ್ಟೇ ಇದರ ಊಟ. ಮಗುವಿಗೆ ಆಗದಿರುವುದು ಮುಖ್ಯವಾಗಿ ಇದರ ಹಿಕ್ಕೆ.

ನೀರು ಕುಡಿಯದೆ ಗಾಳಿಯ ತೇವವನ್ನೇ ಹೀರಿ ಬದುಕುವ ಜೀವಿ ಇದು. ಬೆಚ್ಚಗಿನ, ಬೆವರಿನಿಂದ ತೇವಗೊಂಡ, ಚರ್ಮದ ಹೊಟ್ಟು ಉದುರುವ ಜಾಗ ಮನೆಯಲ್ಲಿ ಯಾವುದು? ಹಾಸಿಗೆ. ಶಾಲೆಗೆ ಹೋಗುವ ಮಗು ದಿನಕ್ಕೆ 9ರಿಂದ 12 ಗಂಟೆ ಅದರ ಮೇಲೆ ಮುಖವಿಟ್ಟು ಮಲಗುತ್ತದೆ. ಹಾಗಾಗಿ ನಡುಮನೆಯ ಸೋಫಾ ಆಮೇಲಾಗಲಿ, ಹಾಸಿಗೆ ಮೊದಲಾಗಲಿ.

ಸುಲಭದ್ದರಿಂದ ಶುರು ಮಾಡೋಣ. ಎದ್ದ ಕೂಡಲೇ ಹಾಸಿಗೆ ಮುಚ್ಚಿ ಅಚ್ಚುಕಟ್ಟು ಮಾಡಬೇಡಿ. ಹೊದಿಕೆ ಸರಿಸಿ ಒಂದಷ್ಟು ಹೊತ್ತು ಆರಲು ಬಿಡಿ. ಮಗುವಿನ ತಲೆಯ ಸುತ್ತ ಇರುವ ಮೆತ್ತನೆ ಗೊಂಬೆಗಳನ್ನು ಒಂದಕ್ಕೆ ಇಳಿಸಿ. ಎಲ್ಲವನ್ನೂ ಕಿತ್ತುಕೊಂಡರೆ ಮಗುವಿನ ನಿದ್ದೆಯೇ ಹೋಗುತ್ತದೆ. ಆ ಒಂದನ್ನು ಮಾತ್ರ ಸರಿಯಾಗಿ ತೊಳೆಯಿರಿ. ಮಂಚದ ಕೆಳಗೆ ತುರುಕಿದ ಹಳೇ ಬಟ್ಟೆ, ಪುಸ್ತಕಗಳ ಡಬ್ಬ ಹೊರಹೋಗಲಿ. ಅಂತಸ್ತಿನ ಮಂಚವಿದ್ದರೆ ಅಲರ್ಜಿ ಇರುವ ಮಗು ಮೇಲೆ ಮಲಗಲಿ, ಏಕೆಂದರೆ ಮೇಲಿನ ಹಾಸಿಗೆಯ ಧೂಳೆಲ್ಲ ಕೆಳಗಿನವರ ಮೂಗಿಗೇ ಉದುರುವುದು. ಆರು ವರ್ಷ ತುಂಬದ ಮಗುವನ್ನು ಮಾತ್ರ ಮೇಲೆ ಹತ್ತಿಸಬೇಡಿ.

ಮುಂದಿನದು ಒಗೆತ. ಹಾಸುಬಟ್ಟೆ, ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆದರೆ ನುಸಿಯೂ ಸಾಯುತ್ತದೆ, ಹಿಕ್ಕೆಯೂ ತೊಳೆದುಹೋಗುತ್ತದೆ. ಅಷ್ಟು ಬಿಸಿ ನೀರು ಇಲ್ಲದಿದ್ದರೂ ಚಿಂತೆಯಿಲ್ಲ. ತಣ್ಣೀರಿನಲ್ಲಿ ನುಸಿ ಪೂರ್ತಿ ಸಾಯದಿದ್ದರೂ ಅಲರ್ಜಿ ತರುವ ಅಂಶದ ಬಹುಪಾಲು ನೀರಿನೊಂದಿಗೆ ಹೋಗುತ್ತದೆ. ಒಗೆಯದೇ ಬಿಡುವುದಕ್ಕಿಂತ ಅದು ಎಷ್ಟೋ ಮೇಲು. ಅಷ್ಟು ಬಿಸಿ ನೀರು ಪುಟ್ಟ ಕೈಗೆ ಬಿದ್ದರೆ ಕ್ಷಣದಲ್ಲಿ ಸುಡುತ್ತದೆ, ಬಕೆಟ್ ಮಗುವಿನ ಓಡಾಟದ ದಾರಿಯಲ್ಲಿರದಿರಲಿ. ಬಿಸಿ ನೀರು ತಡೆಯದ ಗೊಂಬೆಯನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ದಿನ ಇಡಿ. ಬಳಿಕ ಒಗೆಯಿರಿ. ತಂಪು ನುಸಿಯನ್ನು ಕೊಲ್ಲುತ್ತದೆ, ಹಿಕ್ಕೆಯನ್ನು ಕರಗಿಸುವುದಿಲ್ಲ. ಹಾಸಿಗೆಯನ್ನು ಬಿಸಿಲಿಗೆ ಹಾಕುವುದರ ಕಥೆಯೂ ಇಷ್ಟೇ: ಒಣಗುವುದು ಒಳ್ಳೆಯದು, ಆದರೆ ಒಣಗಿಸಿ ತಂದು ಮಗುವಿನ ಎದುರು ಕೋಲಿನಿಂದ ಬಡಿದರೆ ಮಾಡಿದ ಕೆಲಸ ಪೂರಾ ಹಾಳು.

ದುಡ್ಡು ಹಾಕುವುದಾದರೆ ಮೊದಲು ಹಾಕಬೇಕಾದ್ದು ಹಾಸಿಗೆ, ದಿಂಬುಗಳ ನುಸಿನಿರೋಧಕ ಗವಸಿಗೆ. ಬಿಗಿಯಾಗಿ ನೇಯ್ದ, ಆರೂ ಬದಿ ಮುಚ್ಚುವ, ಜಿಪ್ ಇರುವ ಗವಸು ಬೇಕು. ಮೇಲುಭಾಗಕ್ಕೆ ಮಾತ್ರ ಹೊದಿಸುವಂಥದ್ದು ಸಾಲದು. ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಕೆಲಸ ನಡೆಸಲು ಹೋಗಬೇಡಿ, ಅದು ಮುಖಕ್ಕೆ ಅಂಟಿ ಕೂಸಿಗೆ ಉಸಿರುಗಟ್ಟಬಹುದು. ಒಂದು ವರ್ಷದೊಳಗಿನ ಕೂಸಿಗೆ ದಿಂಬೂ ಬೇಡ, ಗೊಂಬೆಯೂ ಬೇಡ. ಇನ್ನು, ಗರಿಯ ದಿಂಬು ಬಿಟ್ಟು ಸಿಂಥೆಟಿಕ್ ದಿಂಬು ತಂದರೆ ನುಸಿ ಬರುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಅದರಲ್ಲೂ ಅಷ್ಟೇ ಸುಖವಾಗಿ ಬೆಳೆಯುತ್ತದೆ.

ಕೋಣೆಯ ತೇವಾಂಶ ಕೊನೆಯ ಪಟ್ಟು. ಪುಟ್ಟ ತೇವಾಂಶ ಮಾಪಕವೊಂದು ಗೋಡೆಯಲ್ಲಿರಲಿ. ಅದು ಶೇ 50ಕ್ಕಿಂತ ಕೆಳಗೆ ಬಹುಕಾಲ ನಿಂತರೆ ನುಸಿ ಒಣಗಿ ಸಾಯುತ್ತದೆ. ಕಿಟಕಿ ತೆರೆದರೆ ತೇವ ಹೋಗುತ್ತದೆ ಎಂಬುದು ಹೊರಗಿನ ಗಾಳಿ ಒಣಗಿದ್ದಾಗ ಮಾತ್ರ ನಿಜ. ಹೊರಗೇ ಹಸಿ ಇದ್ದರೆ ತೆರೆದ ಕಿಟಕಿ ತೇವವನ್ನು ಒಳಕ್ಕೆ ಕರೆಯುತ್ತದೆ.

ಇದೆಲ್ಲ ಮಾಡಿದ ಮರುದಿನವೇ ಗುಣ ಕಾಣುವುದಿಲ್ಲ. ಮೂಗಿನ ಒಳಪೊರೆಯ ಊತ ಇಳಿಯಲು ವಾರಗಳು ಬೇಕು. ಒಂದು ತಿಂಗಳು ತಪ್ಪದೆ ಮಾಡಿ, ನೋಟ್‌ಬುಕ್ಕಿನ ಹಳೇ ಪುಟಗಳ ಜೊತೆ ಹೋಲಿಸಿ ನೋಡಿ.

## ಗುಡಿಸಿದಾಗ, ಕಪಾಟು ತೆರೆದಾಗ ಹೆಚ್ಚಾಗುತ್ತದೆ

ಮೂಲ ಅದೇ ನುಸಿ, ಆದರೆ ಇಲ್ಲಿ ತಪ್ಪು ಗುಡಿಸುವ ರೀತಿಯಲ್ಲಿದೆ. ನುಸಿಯ ಹಿಕ್ಕೆ ಸ್ವಲ್ಪ ಭಾರದ ಕಣ. ಕೆದಕಿದಾಗ ಏಳುತ್ತದೆ, ಅರ್ಧ ಗಂಟೆಯೊಳಗೆ ಹೆಚ್ಚಿನದು ಕೆಳಗೆ ಕೂರುತ್ತದೆ. ಒಣ ಪೊರಕೆಯಿಂದ ಗುಡಿಸುವುದೆಂದರೆ ಅದನ್ನು ಮತ್ತೆ ಮೂಗಿನ ಎತ್ತರಕ್ಕೆ ಎಬ್ಬಿಸುವುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ವ್ಯಾಕ್ಯೂಮ್ ಇದ್ದರೆ ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದೇ ಬೇಕು. ಸಾದಾ ಚೀಲದ ಯಂತ್ರ ಸಣ್ಣ ಕಣವನ್ನು ಮುಂದಿನಿಂದ ಹೀರಿ ಹಿಂದಿನಿಂದ ಉಗುಳುತ್ತದೆ. ಕೆಲಸ ನಡೆಯುವಾಗ ಮತ್ತು ಮುಗಿದ ಅರ್ಧ ಗಂಟೆ ಮಗು ಬೇರೆ ಕೋಣೆಯಲ್ಲಿರಲಿ.

ನುಸಿ ಕೊಲ್ಲುವ ಪುಡಿ, ಸ್ಪ್ರೇಗಳೂ ಸಿಗುತ್ತವೆ. ನನ್ನ ಸಲಹೆ: ಬೇಡ. ಸತ್ತ ನುಸಿಯ ಹಿಕ್ಕೆ ಅಲ್ಲೇ ಉಳಿಯುತ್ತದೆ, ಮೇಲೆ ಔಷಧದ ಘಾಟು ಬೇರೆ. ಬಟ್ಟೆಯ ಕಪಾಟಿನಲ್ಲಿ ನ್ಯಾಫ್ತಲೀನ್ ಗುಳಿಗೆ ಇಡುವ ರೂಢಿ ಇದ್ದರೆ ಅದನ್ನೂ ಬಿಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಅದು ರಕ್ತಕಣಗಳನ್ನೇ ಒಡೆಯಬಲ್ಲದು. ಮಗು ಬಾಯಿಗೆ ಹಾಕಿಕೊಂಡರಂತೂ ಯಾರಿಗಾದರೂ ವಿಷವೇ.

## ಒಂದೇ ಕೋಣೆಯಲ್ಲಿ ಕೆಮ್ಮು, ಮಳೆ ಹಿಡಿದಾಗ ಜಾಸ್ತಿ

ಬಾಗಿಲು ತೆಗೆದಾಗ ಮುಗ್ಗಲು ವಾಸನೆ ಬರುತ್ತದೆಯೇ? ಕಪಾಟನ್ನು ಗೋಡೆಯಿಂದ ಒಂದಡಿ ಸರಿಸಿ ಟಾರ್ಚ್ ಹಾಕಿ ನೋಡಿ. ಹೊರಗೋಡೆಗೆ ಅಂಟಿದ ಪೀಠೋಪಕರಣದ ಹಿಂದೆ, ಸಿಂಕಿನ ಕೆಳಗೆ, ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ, ಏಸಿಯ ನೀರು ಬೀಳುವ ತಟ್ಟೆಯಲ್ಲಿ ಬೂಷ್ಟು ಅಡಗಿರುತ್ತದೆ. ಸ್ನಾನದ ಹೊತ್ತಿನ ಪೀಪಿ ಗೊಂಬೆಯನ್ನು ಹಿಂಡಿ ನೋಡಿ, ಒಳಗಿಂದ ಕಪ್ಪು ಚೂರು ಬಂದರೆ ಎಸೆಯಿರಿ.

ಬೂಷ್ಟು ನೀರಿನ ಸಮಸ್ಯೆ. ಸೋರಿಕೆ ನಿಲ್ಲಿಸದೆ ಎಷ್ಟು ಉಜ್ಜಿದರೂ ಮತ್ತೆ ಬರುತ್ತದೆ. ಮೇಲೆ ಬಣ್ಣ ಬಳಿದರೆ ಬಣ್ಣವೇ ಹೊಪ್ಪಳಿಕೆ ಎದ್ದು ಬೀಳುತ್ತದೆ. ನೀರು ಬಿದ್ದ ಜಮಖಾನ, ದಿಂಬುಗಳನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟು ಹುಟ್ಟುವುದೇ ಅಪರೂಪ.

ಒಂದು ಚದರ ಮೀಟರಿಗಿಂತ ಕಡಿಮೆ ಜಾಗವಾದರೆ ನೀವೇ ಸೋಪುನೀರಿನಿಂದ ಉಜ್ಜಿ ಒಣಗಿಸಬಹುದು. ಎನ್95 ಮಾಸ್ಕ್, ಕೈಗವಸು, ಕನ್ನಡಕ ಇರಲಿ, ಮಗು ಮನೆಯಲ್ಲೇ ಇರದಿರಲಿ. ಬ್ಲೀಚ್ ಬಳಸಿದರೆ ಅದಕ್ಕೆ ಆಸಿಡ್, ವಿನೆಗರ್, ಅಮೋನಿಯ ಇರುವ ಯಾವುದನ್ನೂ ಬೆರೆಸಬೇಡಿ. ಹುಟ್ಟುವ ವಿಷಾನಿಲ ದೊಡ್ಡವರ ಎದೆಯನ್ನೇ ಹಿಡಿಯುತ್ತದೆ. ಜಾಗ ಅದಕ್ಕಿಂತ ದೊಡ್ಡದಿದ್ದರೆ, ಗೋಡೆಯೊಳಗೇ ನೀರು ಜಿನುಗುತ್ತಿದ್ದರೆ, ಚರಂಡಿ ನೀರು ನುಗ್ಗಿದ್ದರೆ ಕೈ ಹಾಕಬೇಡಿ, ಕೆಲಸ ಬಲ್ಲವರನ್ನು ಕರೆಯಿರಿ.

## ಬೆಕ್ಕು, ನಾಯಿ ಹತ್ತಿರ ಬಂದಾಗ ಕಣ್ಣು ಕೆಂಪು

ಕೂದಲಿನ ಮೇಲೆ ಎಲ್ಲರ ಸಿಟ್ಟು, ಆದರೆ ನಿಜವಾದ ಅಂಶ ಪ್ರಾಣಿಯ ಜೊಲ್ಲಿನಲ್ಲಿ, ಚರ್ಮದ ಜಿಡ್ಡಿನಲ್ಲಿ, ಉದುರುವ ಹೊಟ್ಟಿನಲ್ಲಿದೆ. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಹತ್ತಿ, ಒಣಗಿ, ಹಾರುತ್ತದೆ. ನುಸಿಯ ಹಿಕ್ಕೆಯಂತೆ ಇದು ಬೇಗ ಕೆಳಗಿಳಿಯುವುದಿಲ್ಲ, ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಬಟ್ಟೆಗೆ ಅಂಟಿ ಬೆಕ್ಕೇ ಇಲ್ಲದ ಶಾಲೆಯ ಕೋಣೆಗೂ ತಲುಪುತ್ತವೆ. ಅಲರ್ಜಿ ತರದ ತಳಿ ಎಂದು ಮಾರುವವರನ್ನು ನಂಬಬೇಡಿ, ಅಂಥ ತಳಿ ಇಲ್ಲ.

ಇಲ್ಲಿ ಬಹಳ ಜನ ಎಡವುವುದು ಪರೀಕ್ಷೆಯಲ್ಲಿ. ಬೆಕ್ಕನ್ನು ಎರಡು ವಾರ ನೆಂಟರ ಮನೆಗೆ ಕಳಿಸಿ, ಮಗು ಹಾಗೇ ಇದೆ, ಹಾಗಾದರೆ ಬೆಕ್ಕಿನದ್ದಲ್ಲ ಎಂದು ತೀರ್ಮಾನಿಸುತ್ತಾರೆ. ಬೆಕ್ಕು ಹೋದ ಮೇಲೂ ಅದರ ಅಂಶ ಮನೆಯಲ್ಲಿ ಇಳಿಯಲು ನಾಲ್ಕಾರು ತಿಂಗಳು ಹಿಡಿಯುತ್ತದೆ. ಇದಕ್ಕೆ ಬದಲಾಗಿ ಮಗುವನ್ನೇ ಕೆಲವು ದಿನ ಪ್ರಾಣಿಯಿಲ್ಲದ ಮನೆಯಲ್ಲಿ, ಒಗೆದ ಬಟ್ಟೆಯಲ್ಲಿ ಇರಿಸಿ ನೋಡಿ. ಪ್ರಾಣಿಯನ್ನು ಮನೆಯಿಂದ ಕಳಿಸುವ ನಿರ್ಧಾರ ಮಾತ್ರ ಅಲರ್ಜಿ ಪರೀಕ್ಷೆಯ ಫಲಿತಾಂಶ ಕೈಗೆ ಬರುವ ಮೊದಲು ಬೇಡ. ನುಸಿಯ ತಪ್ಪಿಗೆ ಬೆಕ್ಕನ್ನು ಕಳೆದುಕೊಂಡ ಮಗು ಎರಡು ಕಡೆಯಿಂದ ನೋಯುತ್ತದೆ. ಅಲ್ಲಿಯವರೆಗೆ ಮಗು ಮಲಗುವ ಕೋಣೆಗೆ ಪ್ರಾಣಿಗೆ ಪ್ರವೇಶವಿಲ್ಲ, ಮುದ್ದು ಮಾಡಿದ ಮೇಲೆ ಕೈ ತೊಳೆಯದೆ ಕಣ್ಣು ಮುಟ್ಟುವಂತಿಲ್ಲ. ಉಬ್ಬಸ ಇರುವ ಮಗುವಿಗೆ ಬೆಕ್ಕಿನ ಅಲರ್ಜಿ ಪಕ್ಕಾ ಆದರೆ, ಮನಸ್ಸಿಗೆ ಕಷ್ಟವಾದರೂ ಬೇರೆ ಮನೆ ಹುಡುಕುವುದೇ ಸರಿ.

## ಅಡುಗೆಮನೆ ಬದಿಯಲ್ಲಿ ಉಬ್ಬಸ, ರಾತ್ರಿ ದೀಪ ಹಾಕಿದರೆ ಓಡುವ ಜಿರಳೆ

ಜಿರಳೆಯ ಹಿಕ್ಕೆ, ಜೊಲ್ಲು, ಕಳಚಿದ ಪೊರೆ ಉಬ್ಬಸದ ದೊಡ್ಡ ಕಾರಣಗಳಲ್ಲಿ ಸೇರಿವೆ. ಗಬ್ಬು ನಾತ, ಡ್ರಾಯರಿನ ಮೂಲೆಯಲ್ಲಿ ಕಪ್ಪು ಪುಡಿಯಂಥ ಹಿಕ್ಕೆ ಕಂಡರೆ ಸಾಕು. ಎಲ್ಲಿ ಹೆಚ್ಚು ಎಂದು ತಿಳಿಯಲು ಅಂಟುಹಲಗೆಗಳನ್ನು ನಾಲ್ಕು ಕಡೆ ಇಟ್ಟು ಬೆಳಿಗ್ಗೆ ಎಣಿಸಿ. ರಾತ್ರಿ ಎಂಜಲು ಪಾತ್ರೆ ಉಳಿಯದಿರಲಿ, ತೊಟ್ಟಿಕ್ಕುವ ನಲ್ಲಿ ರಿಪೇರಿಯಾಗಲಿ, ಪೈಪಿನ ಸುತ್ತಲ ಬಿರುಕು ಮುಚ್ಚಿ. ಬಳಿಕ ಮಗುವಿನ ಕೈಗೆಟುಕದ ಸಂದಿಯಲ್ಲಿ ಜೆಲ್ ಮದ್ದು. ಸ್ಪ್ರೇ ಹೊಡೆದರೆ ಉಬ್ಬಸದ ಮಗುವಿಗೆ ಆ ಘಾಟೇ ಕಂಟಕ. ಜಿರಳೆ ಸತ್ತ ಮೇಲೂ ಪುಡಿ ತಿಂಗಳುಗಟ್ಟಲೆ ಉಳಿಯುತ್ತದೆ, ಆದ್ದರಿಂದ ಕೊನೆಗೆ ಕಪಾಟುಗಳನ್ನು ಖಾಲಿ ಮಾಡಿ ಸೋಪುನೀರಿನಲ್ಲಿ ತೊಳೆಯಲೇಬೇಕು.

## ವರ್ಷದ ಕೆಲವು ವಾರ ಮಾತ್ರ, ಹೊರಗೆ ಆಡಿ ಬಂದ ಮೇಲೆ

ಇದು ಪರಾಗ. ಹೂ ಬಿಡುವ ಕಾಲದಲ್ಲಿ ಕಿಟಕಿ ಮುಚ್ಚಿ, ಆಡಿ ಬಂದ ಬಟ್ಟೆ ಬದಲಿಸಿ, ಮಲಗುವ ಮೊದಲು ತಲೆಗೆ ಸ್ನಾನ ಮಾಡಿಸಿ, ಹಾಸುಬಟ್ಟೆಗಳನ್ನು ಒಳಗೆ ಒಣಗಿಸಿ. ಪರಾಗದ ಕಾಲದಲ್ಲಿ ಗುಡುಗುಮಳೆಗೆ ಮುಂಚಿನ ಗಾಳಿ ಎದ್ದರೆ ಮಗುವನ್ನು ಒಳಗೆ ಕರೆದುಕೊಳ್ಳಿ. ತೇವಕ್ಕೆ ಪರಾಗ ಒಡೆದು ಶ್ವಾಸಕೋಶದ ಆಳ ತಲುಪುವಷ್ಟು ಸಣ್ಣ ಚೂರಾಗುತ್ತದೆ. 2016ರ ನವೆಂಬರ್ 21ರಂದು ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಹೀಗೇ ಸಾವಿರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಧಾವಿಸಿದರು, ಹತ್ತು ಜನ ತೀರಿಕೊಂಡರು.

## ಹೊಗೆ, ಸೆಂಟು, ಫಿನಾಯಿಲ್ ವಾಸನೆಗೆ ಕೆಮ್ಮು

ಇದು ಅಲರ್ಜಿ ಅಲ್ಲ, ಕೆರಳಿಕೆ. ಅಲರ್ಜಿ ಪರೀಕ್ಷೆಯಲ್ಲಿ ಏನೂ ತೋರುವುದಿಲ್ಲ, ಆದರೂ ಮೊದಲೇ ಊದಿಕೊಂಡ ಶ್ವಾಸನಾಳವನ್ನು ಬಿಗಿಯುತ್ತದೆ. ಈ ಪಟ್ಟಿಯಲ್ಲಿ ಅತಿ ಅಗ್ಗದ ದುರಸ್ತಿ ಇದೇ: ನಿಲ್ಲಿಸಿಬಿಡಿ. ಸಿಗರೇಟನ್ನು ಬಾಲ್ಕನಿಯಲ್ಲಿ ಸೇದಿದರೂ ಬಟ್ಟೆ, ಕೂದಲು, ಉಸಿರಿನೊಂದಿಗೆ ಅದು ಮಗುವಿನ ಬಳಿಗೇ ಬರುತ್ತದೆ. ಸೇದುವವರು ಈ ಸಾಲನ್ನು ಓದಿ ಮುಂದಕ್ಕೆ ಹೋಗುತ್ತಾರೆ ಎಂದು ಗೊತ್ತು, ಆದರೂ ಬರೆದಿದ್ದೇನೆ.

## ಎಲ್ಲ ಮಾಡಿದರೂ ಕಡಿಮೆಯಾಗಿಲ್ಲ

ಕೆಲಸ ಅದಲುಬದಲಾಗಿರಬಹುದು. ಮೂಲ ಹುಡುಕುವಾಗ ಒಂದೊಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯದು. ಮೂಲ ಸಿಕ್ಕ ಮೇಲೆ ತದ್ವಿರುದ್ಧ: ಆ ಒಂದರ ಮೇಲೆ ಇರುವ ಉಪಾಯಗಳನ್ನೆಲ್ಲ ಒಟ್ಟಿಗೆ ಹೇರಬೇಕು. ಗವಸು ಹಾಕಿ ಒಗೆತ ಬಿಟ್ಟರೆ, ಒಗೆದು ತೇವ ಬಿಟ್ಟರೆ ಫಲ ಕಾಣುವುದು ಕಷ್ಟ.

ಗಾಳಿ ಶುದ್ಧೀಕರಿಸುವ ಯಂತ್ರ ಈ ಹಂತದ ಮಾತು. ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುತ್ತದೆ, ನಿಜ. ಆದರೆ ಅದು ಹಿಡಿಯುವುದು ಗಾಳಿಯಲ್ಲಿ ತೇಲುವುದನ್ನು. ಬೆಕ್ಕಿನ ಅಂಶ, ಹೊಗೆಗೆ ಪ್ರಯೋಜನವುಂಟು, ದಿಂಬಿನೊಳಗಿನ ನುಸಿಗೆ ಇಲ್ಲ. ಓಝೋನ್ ಬಿಡುವ ಯಂತ್ರವನ್ನಂತೂ ಮನೆಯೊಳಗೆ ತರಬೇಡಿ, ಓಝೋನ್ ಸ್ವತಃ ಶ್ವಾಸಕೋಶಕ್ಕೆ ಹಾನಿ.

ಊಟವಾದ ಎರಡು ಗಂಟೆಯೊಳಗೆ ದದ್ದು, ವಾಂತಿ ಬರುತ್ತಿದ್ದರೆ ಮನೆಯ ಧೂಳನ್ನು ದೂರಬೇಡಿ, ಅದು ಆಹಾರದ ಅಲರ್ಜಿ ಇರಬಹುದು. ನೀವೇ ಊಹಿಸಿ ಒಂದೊಂದೇ ಆಹಾರ ಬಿಡಿಸುತ್ತ ಹೋದರೆ ಬೆಳೆಯುವ ಮಗು ಸೊರಗುತ್ತದೆ, ವೈದ್ಯರ ಜೊತೆಗೂಡಿಯೇ ಮಾಡಿ.

ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಉಪಶಮನದ ಇನ್‌ಹೇಲರ್ ಬೇಕಾಗುತ್ತಿದ್ದರೆ, ಕೆಮ್ಮು ರಾತ್ರಿ ಎಬ್ಬಿಸುತ್ತಿದ್ದರೆ, ಗೊರಕೆಯ ನಡುವೆ ಉಸಿರು ನಿಂತಂತೆ ಅನಿಸಿದರೆ, ಶಾಲೆ ತಪ್ಪುತ್ತಿದ್ದರೆ ವೈದ್ಯರ ಬಳಿಗೆ ಹೋಗುವ ಹೊತ್ತಾಯಿತು. ಮನೆ ಶುಚಿಯಾಯಿತೆಂದು ದಿನದ ಇನ್‌ಹೇಲರನ್ನು ನೀವಾಗಿ ನಿಲ್ಲಿಸಬೇಡಿ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ 15ರಿಂದ 20 ನಿಮಿಷದಲ್ಲಿ ಉತ್ತರ ಕೊಡುತ್ತದೆ, ಆದರೆ ಅಲರ್ಜಿಯ ಮಾತ್ರೆ ಮೈಯಲ್ಲಿದ್ದರೆ ಉತ್ತರ ತಪ್ಪಾಗಬಹುದು. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿಕೊಂಡೇ ಹೋಗಿ. ಅಲ್ಲಿ ಒಂದು ಚುಕ್ಕೆ ಊದಿತೆಂದ ಮಾತ್ರಕ್ಕೆ ಕಾಯಿಲೆಗೆ ಅದೇ ಕಾರಣ ಎಂದಾಗುವುದಿಲ್ಲ. ಪರೀಕ್ಷೆಯ ಚೀಟಿಯೂ ನಿಮ್ಮ ನೋಟ್‌ಬುಕ್ಕೂ ಒಂದೇ ಹೆಸರು ಹೇಳಬೇಕು. ಹೋಗುವಾಗ ಆ ನೋಟ್‌ಬುಕ್ಕಿನ ಜೊತೆಗೆ, ರಾತ್ರಿ ಮಗುವಿನ ಎದೆಯಿಂದ ಸೀಟಿಯಂಥ ಸದ್ದು ಬಂದಾಗ ಫೋನಿನಲ್ಲಿ ಹಿಡಿದ ಅರ್ಧ ನಿಮಿಷದ ವಿಡಿಯೋ ಒಯ್ಯಿರಿ. ಹಗಲು ವೈದ್ಯರ ಎದುರು ಕೂತಾಗ ಆ ಸದ್ದು ಹೆಚ್ಚಾಗಿ ಮಾಯವಾಗಿರುತ್ತದೆ.